ಯುನಿಕ್ಸ್ ಸರ್ವರ್‌ನ ಬಾಗಿಲು ಯಾರಿಗೆ ತೆರೆದಿದೆ, ಯಾಕೆ ತೆರೆಯುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಾಗಿ ಲಿನಕ್ಸ್ ಸರ್ವರ್‌ಗಳ ವಿಚಾರ; ಯುನಿಕ್ಸ್ ಬಳಗದ ಇನ್ನೊಂದು ಕವಲಾದ ಬಿಎಸ್‌ಡಿ ಬೇರೆ ದಾರಿ ಹಿಡಿಯುವ ಕಡೆ ಅದನ್ನೂ ಹೇಳಿದೆ. ಒಂದು ಸಂಪರ್ಕ ನಿಮ್ಮ ಸರ್ವರ್ ತಲುಪುವ ಮೊದಲು ಹಲವು ಕಾವಲುಗಳನ್ನು ದಾಟಬೇಕು. ಯಾವ ಕಾವಲು ತಡೆಯಿತು ಎಂದು ತಿಳಿಯದೆ ಫೈರ್‌ವಾಲ್ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುವ ಕಾವಲು) ನಿಯಮಗಳನ್ನು ಅಳಿಸಿ ಬರೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ. ಕೆಳಗಿನ ಬಹುಪಾಲು ಉತ್ತರಗಳು ಆ ಚಾಳಿಯ ವಿರುದ್ಧವೇ ಇವೆ.

‘ಸರ್ವರ್ ಸಿಗುತ್ತಿಲ್ಲ’ ಎಂದು ದೂರು ಬಂದಿದೆ. ಎಲ್ಲಿಂದ ಶುರು ಮಾಡಲಿ?

ದೂರು ಕೊಟ್ಟವರ ಪರದೆಯ ಮೇಲೆ ಬಂದ ಸಂದೇಶವನ್ನು ಅಕ್ಷರಶಃ ಕೇಳಿ ಪಡೆಯಿರಿ. ‘ಆಗುತ್ತಿಲ್ಲ’ ಎಂಬುದು ಸಂದೇಶವಲ್ಲ.

‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಪ್ಯಾಕೆಟ್ (ಜಾಲದಲ್ಲಿ ಸಾಗುವ ದತ್ತಾಂಶದ ತುಂಡು) ಆಚೆ ದಡ ಮುಟ್ಟಿದೆ, ಅಲ್ಲಿಂದ ‘ರೀಸೆಟ್’ ಪ್ಯಾಕೆಟ್ ಮರಳಿದೆ. ಬಹುತೇಕ ಸಲ ಇದರರ್ಥ, ಆ ಪೋರ್ಟಿನಲ್ಲಿ (ಸೇವೆಯೊಂದರ ಸಂಖ್ಯೆಯುಳ್ಳ ಬಾಗಿಲಿನಲ್ಲಿ) ಯಾವ ಪ್ರೋಗ್ರಾಮೂ ಕಿವಿಗೊಟ್ಟು ಕುಳಿತಿಲ್ಲ. ಹಾಗಾಗಿ ಕೇಬಲ್, ರೂಟರ್‌ಗಳನ್ನು ಬಿಟ್ಟು ಸೇವೆಯನ್ನು ನೋಡಿ.

ಒಂದೆರಡು ನಿಮಿಷ ಕಾಯಿಸಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಯಾರೂ ಉತ್ತರವನ್ನೇ ಕೊಟ್ಟಿಲ್ಲ. ಯಾವುದೋ ಫೈರ್‌ವಾಲ್ ಪ್ಯಾಕೆಟನ್ನು ಸದ್ದಿಲ್ಲದೆ ನುಂಗಿರಬೇಕು, ಇಲ್ಲವೇ ಉತ್ತರ ಮರಳುವ ದಾರಿ ತಪ್ಪಿರಬೇಕು.

ಮೂರನೆಯದಾದ ‘ನೋ ರೂಟ್ ಟು ಹೋಸ್ಟ್’ ದಾರಿ ತಪ್ಪಿಸುವುದರಲ್ಲಿ ನಿಪುಣ. ಒಂದೇ ಜಾಲದಲ್ಲಿರುವ ಯಂತ್ರ ಆರಿಹೋಗಿದ್ದರೂ ಇದು ಬರುತ್ತದೆ. ಆದರೆ ರೆಡ್ ಹ್ಯಾಟ್ ಎಂಬ ಲಿನಕ್ಸ್ ವಿತರಣೆಯ ಬಳಗದ ಸರ್ವರ್‌ಗಳಲ್ಲಿ ಫೈರ್‌ವಾಲ್ ತಡೆದಾಗ ‘ಇಲ್ಲಿಗೆ ಪ್ರವೇಶ ನಿಷಿದ್ಧ’ ಎಂಬ ಐಸಿಎಂಪಿ (ಜಾಲದ ದೋಷ, ಸ್ಥಿತಿಗಳನ್ನು ತಿಳಿಸುವ ನಿಯಮಾವಳಿ) ಸಂದೇಶ ಕಳುಹಿಸುವುದು ವಾಡಿಕೆ. ಅದು ಬಳಕೆದಾರನ ಪರದೆಯಲ್ಲಿ ‘ದಾರಿಯೇ ಇಲ್ಲ’ ಎಂದು ಮೂಡುತ್ತದೆ. ದಾರಿ ಸರಿಯಾಗಿಯೇ ಇರುತ್ತದೆ; ಜನ ರೂಟಿಂಗ್ ಪಟ್ಟಿಯನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಾರೆ.

ಪಿಂಗ್ ಆಗುತ್ತಿದೆ. ಅಂದಮೇಲೆ ಜಾಲ ಸರಿಯಿದೆ ಅಲ್ಲವೇ?

ಐಸಿಎಂಪಿಗೆ ಸರಿಯಿದೆ, ಅಷ್ಟೇ. ಮೈಕ್ ಮೂಸ್ 1983ರಲ್ಲಿ ಪಿಂಗ್ ಬರೆದದ್ದು ಯಂತ್ರ ಬದುಕಿದೆಯೇ ಎಂದು ನೋಡುವುದಕ್ಕೆ. ಜಾಲತಾಣಗಳ 443ನೇ ಪೋರ್ಟ್ ತೆರೆದಿದೆಯೇ ಎಂಬುದು ಅದಕ್ಕೆ ತಿಳಿಯದು. ಪಿಂಗ್ ಆಗದಿದ್ದರೂ ಜಾಲತಾಣ ಚೆನ್ನಾಗಿ ನಡೆಯುತ್ತಿರಬಹುದು, ಏಕೆಂದರೆ ಬಹಳ ಕಡೆ ಐಸಿಎಂಪಿಯನ್ನೇ ಮುಚ್ಚಿರುತ್ತಾರೆ. ಪೋರ್ಟನ್ನು ನೋಡಬೇಕಾದರೆ ನೆಟ್‌ಕ್ಯಾಟ್ ಎಂಬ ಸಾಧನದಿಂದ ಅದೇ ಪೋರ್ಟನ್ನು ತಟ್ಟಿ.

ಸರ್ವರ್ ಒಳಗೇ ಕುಳಿತು ನೋಡಿದರೆ ಡೇಟಾಬೇಸ್ ಸಿಗುತ್ತದೆ, ಹೊರಗಿನಿಂದ ಸಿಗುವುದಿಲ್ಲ. ಫೈರ್‌ವಾಲ್ ತಾನೇ?

ಮೊದಲು ‘ಎಸ್‌ಎಸ್’ ಕಮಾಂಡಿಗೆ ಎಲ್, ಟಿ, ಎನ್, ಪಿ ಎಂಬ ನಾಲ್ಕು ಆಯ್ಕೆಗಳನ್ನು ಕೊಟ್ಟು ಓಡಿಸಿ. ಯಾವ ವಿಳಾಸದ ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಮ್ ಕಾಯುತ್ತಿದೆ ಎಂಬ ಪಟ್ಟಿ ಬರುತ್ತದೆ. ನಿಮ್ಮ ಸಾಲಿನಲ್ಲಿ 127.0.0.1:5432 ಎಂದಿದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಲೂಪ್‌ಬ್ಯಾಕ್ ವಿಳಾಸದಲ್ಲಿ (ಯಂತ್ರ ತನ್ನೊಳಗೇ ಮಾತಾಡುವ ವಿಳಾಸ) ಮಾತ್ರ ಕಾಯುತ್ತಿದೆ. ಫೈರ್‌ವಾಲ್ ಪೂರ್ತಿ ತೆಗೆದುಹಾಕಿದರೂ ಹೊರಗಿನವರಿಗೆ ಸಿಗದು. 0.0.0.0:5432 ಎಂದಿದ್ದರೆ ಎಲ್ಲ ಐಪಿವಿ4 (ಹಳೆಯ ಬಗೆಯ) ವಿಳಾಸಗಳಲ್ಲೂ ಕಾಯುತ್ತಿದೆ. ಚೌಕ ಆವರಣದೊಳಗೆ ಎರಡು ವಿವರಣ ಚಿಹ್ನೆಗಳು ಕಂಡರೆ ಹೊಸ ಬಗೆಯ ಐಪಿವಿ6 ವಿಳಾಸ. 

ಪೋಸ್ಟ್‌ಗ್ರೆಸ್ ಪೂರ್ವನಿಯೋಜಿತವಾಗಿ ಲೂಪ್‌ಬ್ಯಾಕ್‌ನಲ್ಲಿರುವುದು ದೋಷವಲ್ಲ, ಜಾಣತನ. ಅದನ್ನು ಬದಲಿಸಿದ ಮೇಲೂ ಅದರದ್ದೇ ಪ್ರವೇಶ ಪಟ್ಟಿಯ ಕಡತವೊಂದಿದೆ. ಯಾವ ಬಳಕೆದಾರ ಯಾವ ವಿಳಾಸದಿಂದ ಯಾವ ಡೇಟಾಬೇಸಿಗೆ ಬರಬಹುದು ಎಂಬುದನ್ನು ಅಲ್ಲಿ ಬರೆಯಬೇಕು. ಆ ಪಟ್ಟಿಯಲ್ಲಿ ಮೊದಲು ಹೊಂದುವ ಸಾಲೇ ತೀರ್ಪು. ಅದು ಸೋತರೆ ಮುಂದಿನ ಸಾಲನ್ನು ಪೋಸ್ಟ್‌ಗ್ರೆಸ್ ನೋಡುವುದಿಲ್ಲ.

ಫೈರ್‌ವಾಲಿನಲ್ಲಿ ಅನುಮತಿಯ ನಿಯಮ ಕಣ್ಣಿಗೆ ಕಾಣುತ್ತಿದೆ. ಆದರೂ ತಡೆಯುತ್ತಿದೆ. ಯಾಕೆ?

ನಿಯಮ ಇದೆಯೇ ಎಂಬುದಕ್ಕಿಂತ ಎಷ್ಟನೆಯ ಸಾಲಿನಲ್ಲಿದೆ ಎಂಬುದು ಮುಖ್ಯ. ಲಿನಕ್ಸಿನ ಫೈರ್‌ವಾಲ್ ಸಾಧನ ಐಪಿಟೇಬಲ್ಸ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ತೀರ್ಪಿಗೆ ನಿಲ್ಲುತ್ತದೆ. ಪಟ್ಟಿಯ ಕೊನೆಯಲ್ಲಿ ‘ಉಳಿದದ್ದೆಲ್ಲ ತಿರಸ್ಕರಿಸು’ ಎಂದಿದ್ದು, ನೀವು ಹೊಸ ನಿಯಮವನ್ನು ಅದರ ಕೆಳಗೆ ಅಂಟಿಸಿದ್ದರೆ ಆ ನಿಯಮದ ತನಕ ಪ್ಯಾಕೆಟ್ ಬರುವುದೇ ಇಲ್ಲ. ಸಾಲಿನ ಸಂಖ್ಯೆ ಮತ್ತು ಪ್ಯಾಕೆಟ್ ಎಣಿಕೆಯೊಂದಿಗೆ ಪಟ್ಟಿಯನ್ನು ತೆರೆಯಿರಿ. ಹೊರಗಿನಿಂದ ಒಮ್ಮೆ ಸಂಪರ್ಕಕ್ಕೆ ಪ್ರಯತ್ನಿಸಿ, ಮತ್ತೆ ತೆರೆಯಿರಿ. ಯಾವ ಸಾಲಿನ ಎಣಿಕೆ ಏರಿತೋ ಅದೇ ನಿಮ್ಮ ಪ್ಯಾಕೆಟ್ ಹಿಡಿದ ಸಾಲು. ಇಷ್ಟು ಸುಲಭದ ಪುರಾವೆ ಕೈಯಲ್ಲಿರುವಾಗ ಊಹೆ ಏಕೆ?

ಓಪನ್‌ಬಿಎಸ್‌ಡಿಯ ಫೈರ್‌ವಾಲ್ ಆದ ಪಿಎಫ್‌ನಲ್ಲಿ ಲೆಕ್ಕ ತಲೆಕೆಳಗು. 2001ರ ಕೊನೆಯಲ್ಲಿ 3.0 ಆವೃತ್ತಿಯೊಂದಿಗೆ ಬಂದ ಇದರಲ್ಲಿ ಕೊನೆಗೆ ಹೊಂದಿದ ನಿಯಮ ಗೆಲ್ಲುತ್ತದೆ. ‘ಕ್ವಿಕ್’ ಎಂಬ ಪದ ಸೇರಿಸಿದ ನಿಯಮ ಮಾತ್ರ ಅಲ್ಲಿಗೇ ತೀರ್ಪು ಕೊಟ್ಟು ಮುಗಿಸುತ್ತದೆ. ಲಿನಕ್ಸಿನಿಂದ ಬಂದವರು ಇಲ್ಲಿ ಎಡವುವುದು ಖಚಿತ.

2014ರಲ್ಲಿ ಲಿನಕ್ಸ್ 3.13ರ ಜೊತೆ ಬಂದ, ಐಪಿಟೇಬಲ್ಸ್‌ನ ಉತ್ತರಾಧಿಕಾರಿ ಎನ್‌ಎಫ್‌ಟೇಬಲ್ಸ್ ಇನ್ನೊಂದು ಸೂಕ್ಷ್ಮ ತಂದಿತು. ಅದರಲ್ಲಿ ಹಲವು ಟೇಬಲ್‌ಗಳು ಒಂದೇ ಪ್ಯಾಕೆಟನ್ನು ಒಂದಾದ ಮೇಲೊಂದು ನೋಡಬಹುದು. ಒಂದು ಸರಪಳಿಯಲ್ಲಿ (ನಿಯಮಗಳ ಪಟ್ಟಿಯಲ್ಲಿ) ‘ಸ್ವೀಕರಿಸು’ ಎಂದರೆ ಆ ಸರಪಳಿಯ ಮಟ್ಟಿಗೆ ಮಾತ್ರ. ನಂತರದ ಆದ್ಯತೆಯ ಸರಪಳಿ ಅದೇ ಪ್ಯಾಕೆಟನ್ನು ಬಿಸಾಡಬಹುದು. ‘ಬಿಸಾಡು’ ಮಾತ್ರ ಎಲ್ಲೇ ಹೇಳಿದರೂ ಅಂತಿಮ. ಫೈರ್‌ವಾಲ್ ನಿರ್ವಹಿಸುವ ಫೈರ್‌ವಾಲ್ಡಿ ಸೇವೆ ನಡೆಯುತ್ತಿರುವ ಯಂತ್ರದಲ್ಲಿ ಕೈಯಾರೆ ಬೇರೊಂದು ಟೇಬಲ್ ಬರೆದವರ ಗೋಳಿಗೆ ಇದೇ ಮೂಲ. ಒಂದು ಯಂತ್ರಕ್ಕೆ ಒಬ್ಬನೇ ಯಜಮಾನ ಇರಲಿ.

ನಿಯಮಗಳೆಲ್ಲ ಸರಿ ಇವೆ, ಸೇವೆಯೂ ಕಾಯುತ್ತಿದೆ. ಇನ್ನೇನು ಉಳಿಯಿತು?

ಸರ್ವರ್ ಕ್ಲೌಡ್‌ನಲ್ಲಿದ್ದರೆ ಯಂತ್ರದ ಹೊರಗೆ ಇನ್ನೊಂದು ಫೈರ್‌ವಾಲ್ ಇದೆ, ಒಳಗಿನಿಂದ ಅದು ಕಾಣದು. ಅಮೆಜಾನ್ ಕ್ಲೌಡಿನ ‘ಸೆಕ್ಯುರಿಟಿ ಗ್ರೂಪ್’ ಸಂಪರ್ಕವನ್ನು ನೆನಪಿಟ್ಟುಕೊಳ್ಳುತ್ತದೆ. ಒಳಬರಲು ಬಿಟ್ಟರೆ ಉತ್ತರ ತಾನಾಗಿ ಹೊರಹೋಗುತ್ತದೆ. ಅದೇ ಕ್ಲೌಡಿನ ಜಾಲಮಟ್ಟದ ಪ್ರವೇಶ ಪಟ್ಟಿಗೆ ನೆನಪಿಲ್ಲ. ಉತ್ತರ ಹೋಗುವ ತಾತ್ಕಾಲಿಕ ಪೋರ್ಟುಗಳನ್ನೂ ಪ್ರತ್ಯೇಕವಾಗಿ ತೆರೆಯಬೇಕು. ಲಿನಕ್ಸ್ ಗ್ರಾಹಕ ಯಂತ್ರಗಳು ಸಾಮಾನ್ಯವಾಗಿ 32768ರಿಂದ 60999ರ ನಡುವಿನ ಪೋರ್ಟ್ ಹಿಡಿಯುತ್ತವೆ.

ಸರ್ವರ್ ತನಕ ಪ್ಯಾಕೆಟ್ ಬರುತ್ತಿದೆಯೇ ಇಲ್ಲವೇ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಟಿಸಿಪಿಡಂಪ್, ಅಂದರೆ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್. ವಾದವಿವಾದ ಮುಗಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಲಿನಕ್ಸಿನಲ್ಲಿ ಒಳಬರುವ ಪ್ಯಾಕೆಟನ್ನು ಇದು ಫೈರ್‌ವಾಲಿಗಿಂತ ಮೊದಲೇ ನೋಡುತ್ತದೆ ಎಂಬುದು ಮುಖ್ಯ: ಇಲ್ಲಿ ಕಂಡ ಮಾತ್ರಕ್ಕೆ ಒಳಗೆ ಬಿಟ್ಟಿದೆ ಎಂದಲ್ಲ, ಕಾಣದಿದ್ದರೆ ಮಾತ್ರ ತಪ್ಪು ಖಂಡಿತ ಹೊರಗಿನದು.

ಸಂಪರ್ಕ ಕೋರುವ ‘ಸಿನ್’ ಪ್ಯಾಕೆಟ್ ಬರುತ್ತಿದೆ, ಉತ್ತರವೇ ಹೋಗುತ್ತಿಲ್ಲ, ಫೈರ್‌ವಾಲಿನಲ್ಲೂ ತಡೆಯಿಲ್ಲ ಎಂದರೆ ಎರಡು ಕಡೆ ನೋಡಿ. ಒಂದು, ಎರಡು ಜಾಲ ಕಾರ್ಡುಗಳಿರುವ ಸರ್ವರ್: ಪ್ಯಾಕೆಟ್ ಒಂದು ಕಾರ್ಡಿನಲ್ಲಿ ಬಂದು, ಮರಳುವ ದಾರಿ ಇನ್ನೊಂದರಲ್ಲಿದ್ದರೆ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮಿನ ತಿರುಳಿನ) ‘ಆರ್‌ಪಿ ಫಿಲ್ಟರ್’ ಅದನ್ನು ಸುಳ್ಳು ವಿಳಾಸದ ಪ್ಯಾಕೆಟ್ ಎಂದು ಬಗೆದು ಎಸೆಯಬಹುದು. ಐಪಿಟೇಬಲ್ಸ್‌ನ ‘ಇನ್‌ಪುಟ್’ ಪಟ್ಟಿಯ ಎಣಿಕೆಯಲ್ಲಿ ಅದು ದಾಖಲಾಗದು. ಎರಡು, ದಟ್ಟಣೆಯ ಸರ್ವರ್‌ನಲ್ಲಿ ಸಂಪರ್ಕಗಳ ಲೆಕ್ಕವಿಡುವ ಕೋಷ್ಟಕ ತುಂಬಿರುವುದು. ಆಗ ಕರ್ನಲ್ ಲಾಗಿನಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಎಂಬ ಸಾಲು ಸಿಗುತ್ತದೆ. ಹತ್ತರಲ್ಲಿ ಮೂರು ಸಂಪರ್ಕ ಮಾತ್ರ ಸೋಲುವ, ಯಾರೂ ನಂಬದ ದೂರುಗಳು ಇಲ್ಲಿಂದ ಹುಟ್ಟುತ್ತವೆ.

ಹೋಸ್ಟ್ಸ್.ಡಿನೈ ಕಡತದಲ್ಲಿ ಎಲ್ಲರನ್ನೂ ತಡೆದಿದ್ದೇನೆ. ಆದರೂ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ತೆರೆದೇ ಇದೆ!

ಹಳೆಯ ಪಾಠ, ಹೊಸ ಯಂತ್ರ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಟ್ಸ ವೆನೆಮಾ 1990ರಲ್ಲಿ, ಈ ಕಡತವನ್ನು ಬಳಸುವ ಟಿಸಿಪಿ ರ್‍ಯಾಪರ್ಸ್ ಬರೆದರು. ಅಲ್ಲಿನ ಯಂತ್ರಗಳಿಗೆ ನುಗ್ಗಿ ಕಡತಗಳನ್ನು ಅಳಿಸುತ್ತಿದ್ದ ಒಬ್ಬನ ಜಾಡು ಹಿಡಿಯುವುದು ಮೊದಲ ಉದ್ದೇಶ. ತಡೆಯುವ ಕೆಲಸ ಆಮೇಲೆ ಸೇರಿತು. ಹೋಸ್ಟ್ಸ್.ಅಲೋ ಮೊದಲು ಓದಲಾಗುತ್ತದೆ, ನಂತರ ಹೋಸ್ಟ್ಸ್.ಡಿನೈ, ಎರಡರಲ್ಲೂ ಹೆಸರಿಲ್ಲದವರಿಗೆ ಪ್ರವೇಶ ಉಂಟು.

ಆದರೆ ಆ ಕಡತಗಳನ್ನು ಓದುವುದು ಕರ್ನಲ್ ಅಲ್ಲ, ‘ಲಿಬ್‌ರ್‍ಯಾಪ್’ ಎಂಬ ಲೈಬ್ರರಿ. ಅದನ್ನು ಜೋಡಿಸಿಕೊಳ್ಳದ ಪ್ರೋಗ್ರಾಮಿಗೆ ನಿಮ್ಮ ಕಡತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಸ್‌ಎಸ್‌ಎಚ್‌ಗಾಗಿ ಹೆಚ್ಚಾಗಿ ಬಳಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್ 2014ರ 6.7 ಆವೃತ್ತಿಯಲ್ಲಿ ಈ ಬೆಂಬಲ ಕೈಬಿಟ್ಟಿತು, ರೆಡ್ ಹ್ಯಾಟ್ ಎಂಟನೇ ಆವೃತ್ತಿಯಲ್ಲಿ ಲೈಬ್ರರಿಯನ್ನೇ ತೆಗೆಯಿತು. ಡೆಬಿಯನ್ ತನ್ನದೇ ತೇಪೆ ಹಾಕಿ ಬಹುಕಾಲ ಉಳಿಸಿಕೊಂಡಿತು. ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್ ಆದ ನಿಮ್ಮ ಎಸ್‌ಎಸ್‌ಎಚ್‌ಡಿಯ ಮೇಲೆ, ಜೋಡಿಸಿಕೊಂಡ ಲೈಬ್ರರಿಗಳನ್ನು ತೋರಿಸುವ ‘ಎಲ್‌ಡಿಡಿ’ ಓಡಿಸಿ ನೋಡಿ. ಆ ಲೈಬ್ರರಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಎರಡೂ ಕಡತಗಳು ನಿಮಗೆ ಸುಳ್ಳು ಧೈರ್ಯ ಕೊಡುತ್ತಿವೆ. ಕೆಲಸವನ್ನು ಫೈರ್‌ವಾಲಿಗೆ ವಹಿಸಿ.

ದೂರದ ಸರ್ವರ್‌ನ ಫೈರ್‌ವಾಲ್ ಬದಲಿಸುವಾಗ ನಾನೇ ಹೊರಗೆ ಉಳಿಯದಂತೆ ಏನು ಮಾಡಬೇಕು?

ಬದಲಾವಣೆಗೆ ಮೊದಲೇ ಹಿಮ್ಮರಳುವ ವ್ಯವಸ್ಥೆ ಮಾಡಿ. ಈಗಿನ ನಿಯಮಗಳನ್ನು ಒಂದು ಕಡತಕ್ಕೆ ಉಳಿಸಿ, ಐದು ನಿಮಿಷದ ನಂತರ ಅವನ್ನೇ ಮರಳಿ ತುಂಬುವಂತೆ ‘ಅಟ್’ ಕಮಾಂಡಿಗೆ ಹೇಳಿ. ಎಲ್ಲ ಸರಿಯಾದರೆ ಆ ಕೆಲಸವನ್ನು ರದ್ದು ಮಾಡಿದರಾಯಿತು. ಕೆಲವರು ಮರಳಿ ತುಂಬುವ ಬದಲು ‘ನಿಯಮಗಳನ್ನೆಲ್ಲ ಅಳಿಸು’ ಎಂದು ಬರೆಯುತ್ತಾರೆ. ಇದರಲ್ಲೊಂದು ಹೊಂಡವಿದೆ. ಐಪಿಟೇಬಲ್ಸ್‌ನ ಅಳಿಸುವ ಆಯ್ಕೆ ನಿಯಮಗಳನ್ನು ಮಾತ್ರ ಅಳಿಸುತ್ತದೆ, ಸರಪಳಿಯ ಮೂಲ ನೀತಿಯನ್ನಲ್ಲ. ಮೂಲ ನೀತಿ ‘ಬಿಸಾಡು’ ಎಂದಿದ್ದರೆ, ಅನುಮತಿಯ ಸಾಲುಗಳೆಲ್ಲ ಹೋಗಿ ಬಿಸಾಡುವುದಷ್ಟೇ ಉಳಿಯುತ್ತದೆ. ಕಾಪಾಡಲೆಂದು ಬರೆದ ಸಾಲೇ ಬಾಗಿಲು ಜಡಿಯುತ್ತದೆ.

ಎಸ್‌ಎಸ್‌ಎಚ್‌ಡಿ ಸಂರಚನೆ ಬದಲಿಸಿದರೆ, ಸೇವೆಯನ್ನು ಮರುಪ್ರಾರಂಭಿಸುವ ಮೊದಲು ‘ಎಸ್‌ಎಸ್‌ಎಚ್‌ಡಿ’ಗೆ ಟಿ ಆಯ್ಕೆ ಕೊಟ್ಟು ಬರಹದೋಷ ಪರೀಕ್ಷಿಸಿ. ಮರುಪ್ರಾರಂಭಿಸಿದರೂ ಈಗಾಗಲೇ ತೆರೆದ ನಿಮ್ಮ ಸಂಪರ್ಕ ಕಡಿಯುವುದಿಲ್ಲ. ಆ ಕಿಟಕಿಯನ್ನು ಹಾಗೇ ಬಿಟ್ಟು ಇನ್ನೊಂದರಿಂದ ಲಾಗಿನ್ ಆಗಿ ನೋಡಿ. ಹೊಸದು ತೆರೆದುಕೊಳ್ಳುವ ತನಕ ಹಳೆಯದನ್ನು ಮುಚ್ಚಬೇಡಿ.

ಎಸ್‌ಎಸ್‌ಎಚ್ ಪೋರ್ಟನ್ನು 22ರಿಂದ ಬದಲಿಸಿದರೆ ಭದ್ರತೆ ಹೆಚ್ಚುತ್ತದೆಯೇ?

ಲಾಗಿನ ಗದ್ದಲ ಕಡಿಮೆಯಾಗುತ್ತದೆ, ಭದ್ರತೆ ಹೆಚ್ಚುವುದಿಲ್ಲ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ (ಕಡತದಲ್ಲಿರುವ ಡಿಜಿಟಲ್ ಕೀಲಿ) ಮಾತ್ರ ಇಟ್ಟುಕೊಂಡರೆ ಸಿಗುವ ಲಾಭದ ಮುಂದೆ ಇದು ಏನೇನೂ ಅಲ್ಲ. ಫಿನ್‌ಲ್ಯಾಂಡಿನ ತಾತು ಯಲೋನೆನ್ 1995ರಲ್ಲಿ 22ನ್ನು ಕೇಳಿ ಪಡೆದದ್ದು, ಅದು ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್‌ನ 23ರ ನಡುವೆ ಖಾಲಿ ಇತ್ತೆಂದು. 1024ಕ್ಕಿಂತ ಕೆಳಗಿನ ಪೋರ್ಟನ್ನು ಪೂರ್ವನಿಯೋಜಿತವಾಗಿ ರೂಟ್ (ಸರ್ವೋಚ್ಚ ಬಳಕೆದಾರ) ಅಧಿಕಾರ ಇಲ್ಲದವರು ಹಿಡಿಯಲಾಗದು ಎಂಬ ಸಣ್ಣ ರಕ್ಷಣೆಯೂ 2222ಕ್ಕೆ ಹೋದರೆ ತಪ್ಪುತ್ತದೆ.

ಬದಲಿಸಲೇಬೇಕಾದರೆ, ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರಕ್ಕೂ ಹೊಸ ಪೋರ್ಟ್ ತಿಳಿಸಿ. ಇಲ್ಲವಾದರೆ ಸೇವೆ ಆ ಪೋರ್ಟನ್ನು ಹಿಡಿಯಲು ಆಗದೆ ಬಿದ್ದುಹೋಗುತ್ತದೆ. ಉಬುಂಟು 22.10ರಿಂದೀಚೆಗೆ ಪೋರ್ಟಿನಲ್ಲಿ ಕಾಯುವುದು, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಾಕೆಟ್. ಎಸ್‌ಎಸ್‌ಎಚ್‌ಡಿಯ ಸಂರಚನೆಯಲ್ಲಿ ಸಂಖ್ಯೆ ಬದಲಿಸಿ ಸೇವೆಯೊಂದನ್ನೇ ಮರುಪ್ರಾರಂಭಿಸಿದರೆ ಸಾಲದು. ಸಾಕೆಟ್ ಯಾವ ಪೋರ್ಟಿನಲ್ಲಿದೆ ಎಂದೂ ನೋಡಬೇಕು.

ಕೀ ಸರಿಯಾಗಿ ಹಾಕಿದ್ದೇನೆ, ‘ಪರ್ಮಿಶನ್ ಡಿನೈಡ್’ ಎನ್ನುತ್ತದೆ. ಬೇಸತ್ತಿದ್ದೇನೆ.

ಸಿಹಿಸುದ್ದಿ: ಜಾಲ ಸರಿಯಿದೆ, ಫೈರ್‌ವಾಲ್ ಸರಿಯಿದೆ, ನೀವು ಎಸ್‌ಎಸ್‌ಎಚ್‌ಡಿ ಜೊತೆ ಮಾತನಾಡುತ್ತಿದ್ದೀರಿ. ಕಹಿಸುದ್ದಿ: ಕಾರಣವನ್ನು ಅದು ಹೊರಗಿನವರಿಗೆ ಬೇಕೆಂದೇ ಹೇಳುವುದಿಲ್ಲ. ಉತ್ತರ ಸರ್ವರ್‌ನ ಲಾಗಿನಲ್ಲಿರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ‘ಆತ್.ಲಾಗ್’, ರೆಡ್ ಹ್ಯಾಟ್‌ನಲ್ಲಿ ‘ಸೆಕ್ಯೂರ್’ ಎಂಬ ಕಡತ, ಅಥವಾ ಸಿಸ್ಟಮ್‌ಡಿಯ ಜರ್ನಲ್.

‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂದಿದ್ದರೆ ಕಡತದ ಅನುಮತಿಗಳು ಸಡಿಲವಾಗಿವೆ. ಕೀ ಕಡತಕ್ಕೆ 600, ಅದರ ಡೈರೆಕ್ಟರಿಗೆ 700 ಎಂದು ಎಲ್ಲರೂ ಮಾಡುತ್ತಾರೆ. ಅದರ ಮೇಲಿನ ಹೋಮ್ ಡೈರೆಕ್ಟರಿಗೆ ಗುಂಪಿನವರೂ ಬರೆಯಬಹುದಾಗಿದ್ದರೆ ಅಷ್ಟಕ್ಕೇ ತಿರಸ್ಕಾರ ಎಂಬುದನ್ನು ಮರೆಯುತ್ತಾರೆ. ‘ನಾಟ್ ಲಿಸ್ಟೆಡ್ ಇನ್ ಅಲೋಯೂಸರ್ಸ್’ ಎಂದಿದ್ದರೆ ಸಂರಚನೆಯಲ್ಲಿ ಯಾರೋ ಹೆಸರುಗಳ ಪಟ್ಟಿ ಬರೆದಿದ್ದಾರೆ. ಆ ಪಟ್ಟಿಯಲ್ಲಿ ಒಂದೇ ಹೆಸರಿದ್ದರೂ ಉಳಿದವರೆಲ್ಲ ಹೊರಗೆ. ತಮಾಷೆಯೆಂದರೆ, ಪಟ್ಟಿಯಲ್ಲಿಲ್ಲದವರಿಗೂ ಅದು ಪಾಸ್‌ವರ್ಡ್ ಕೇಳುತ್ತದೆ, ಸರಿಯಾದ ಪಾಸ್‌ವರ್ಡನ್ನೂ ತಪ್ಪೆನ್ನುತ್ತದೆ.

‘ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್’ ಎಂದರೆ ಕೀಗಳನ್ನು ಹಿಡಿದಿಡುವ ನಿಮ್ಮ ಏಜೆಂಟ್ ಪ್ರೋಗ್ರಾಮಿನಲ್ಲಿ ಕೀಗಳು ವಿಪರೀತ. ಆರು ಪ್ರಯತ್ನಗಳ ಮಿತಿ ಸರಿಯಾದ ಕೀ ಸರದಿ ಬರುವ ಮೊದಲೇ ಮುಗಿಯುತ್ತದೆ. ಈ ಸರ್ವರ್‌ಗೆ ಈ ಕೀ ಮಾತ್ರ ಎಂದು ಗ್ರಾಹಕ ಸಂರಚನೆಯಲ್ಲಿ ಬರೆಯಿರಿ. ಸರ್ವರ್ ನವೀಕರಿಸಿದ ಮರುದಿನ ಹಳೆಯ ಸಾಧನಗಳು ಮಾತ್ರ ಸೋಲುತ್ತಿದ್ದರೆ, ಓಪನ್‌ಎಸ್‌ಎಸ್‌ಎಚ್‌ನ 2021ರ 8.8 ಆವೃತ್ತಿಯಿಂದ ಹಳೆಯ ಶಾ-1 ವಿಧಾನ ಆಧಾರಿತ ಆರ್‌ಎಸ್‌ಎ ಸಹಿಗಳು ಪೂರ್ವನಿಯೋಜಿತವಾಗಿ ನಿಂತಿರುವುದನ್ನು ನೆನೆಯಿರಿ. ಕೀ ಹಾಳಾಗಿಲ್ಲ, ಸಹಿ ಹಾಕುವ ಗ್ರಾಹಕ ಪ್ರೋಗ್ರಾಮ್ ಹಳತಾಗಿದೆ.

ಲಾಗಿನಲ್ಲೂ ಸುಳಿವಿಲ್ಲವೇ? ಇನ್ನೊಂದು ಪೋರ್ಟಿನಲ್ಲಿ ಎರಡನೆಯ ಎಸ್‌ಎಸ್‌ಎಚ್‌ಡಿಯನ್ನು ಡೀಬಗ್ ಆಯ್ಕೆಯೊಂದಿಗೆ ಓಡಿಸಿ ಅದಕ್ಕೆ ಸಂಪರ್ಕಿಸಿ. ಪ್ರತಿ ಹೆಜ್ಜೆಯನ್ನೂ ಪರದೆಗೆ ಕಕ್ಕುತ್ತದೆ.

ಲಾಗಿನ್ ಆಗಲು ಅರ್ಧ ನಿಮಿಷ ಬೇಕಾಗುತ್ತದೆ. ಒಳಹೊಕ್ಕ ಮೇಲೆ ವೇಗವಾಗಿದೆ.

ಮೊದಲ ಸಂಶಯ ಡಿಎನ್‌ಎಸ್ ಮೇಲೆ. ಸರ್ವರ್ ನಿಮ್ಮ ಐಪಿ ವಿಳಾಸಕ್ಕೆ ಹೆಸರು ಹುಡುಕುತ್ತಿದೆ, ಉತ್ತರ ಕೊಡಬೇಕಾದ ಡಿಎನ್‌ಎಸ್ ಸತ್ತಿದೆ. ಎರಡನೆಯದು ಲಾಗಿನ್ ಪರಿಶೀಲಿಸುವ ಪ್ಯಾಮ್‌ನ ಯಾವುದೋ ಭಾಗ, ಉದಾಹರಣೆಗೆ ಈಗ ಇಲ್ಲದ ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿಯಿಡುವ) ಸರ್ವರ್‌ಗೆ ಕಾಯುತ್ತಿರುವುದು.

ತಡವಾಗುವುದನ್ನು ಉಪೇಕ್ಷಿಸಬೇಡಿ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಕಂಡು ಬೆನ್ನು ಹತ್ತಿದರು; ಎಕ್ಸ್‌ಜೆಡ್ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹುದುಗಿಸಿದ್ದ ಹಿಂಬಾಗಿಲು ಸಿಕ್ಕಿತು.

ಸಂಪರ್ಕ ಆಗುತ್ತದೆ, ಆಮೇಲೆ ಹಾಗೇ ನಿಂತುಬಿಡುತ್ತದೆ. ಕಚೇರಿಯಲ್ಲಿ ಸರಿ, ಮನೆಯಿಂದ ವಿಪಿಎನ್ ಮೂಲಕ ಮಾತ್ರ ಹೀಗೆ.

ಗ್ರಾಹಕ ಪ್ರೋಗ್ರಾಮಿಗೆ ವಿ ಆಯ್ಕೆಯನ್ನು ಮೂರು ಬಾರಿ ಕೊಟ್ಟು ಓಡಿಸಿ. ಕೀ ವಿನಿಮಯದ ಉತ್ತರ ಕಾಯುತ್ತಿದ್ದೇನೆ ಎಂಬ ಸಾಲಿನಲ್ಲಿ ನಿಂತರೆ ಅದು ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) ಕಾಯಿಲೆ. ಆರಂಭದ ಸಣ್ಣ ಪ್ಯಾಕೆಟ್‌ಗಳು ಸಲೀಸಾಗಿ ಹೋಗುತ್ತವೆ. ಮೊದಲ ದೊಡ್ಡ ಪ್ಯಾಕೆಟ್ ವಿಪಿಎನ್ ಸುರಂಗದಲ್ಲಿ ಹಿಡಿಸದೆ ಬೀಳುತ್ತದೆ. ‘ಇದು ದೊಡ್ಡದಾಯಿತು, ಸಣ್ಣದು ಕಳುಹಿಸಿ’ ಎಂಬ ಐಸಿಎಂಪಿ ಸಂದೇಶವನ್ನು ಯಾರೋ ಭದ್ರತೆಯ ಹೆಸರಿನಲ್ಲಿ ತಡೆದಿರುತ್ತಾರೆ, ಹಾಗಾಗಿ ಕಳುಹಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಒಡೆಯಬಾರದೆಂಬ ಷರತ್ತಿನೊಂದಿಗೆ 1472 ಬೈಟ್‌ಗಳ ಪಿಂಗ್ ಕಳುಹಿಸಿ. ಅದಕ್ಕೆ ಐಪಿ ಮತ್ತು ಐಸಿಎಂಪಿ ಶೀರ್ಷಿಕೆಗಳ 28 ಸೇರಿದರೆ ಈಥರ್‌ನೆಟ್‌ನ 1500. ಹೋಗದಿದ್ದರೆ ಇಳಿಸುತ್ತಾ ಬನ್ನಿ. 1392ಕ್ಕೆ ದಾಟಿದರೆ ದಾರಿಯ ಅಳತೆ 1420, ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗಗಳ ಸಾಮಾನ್ಯ ಅಳತೆ ಇದೇ. ಎಂಟಿಯು ಇಳಿಸಿ, ಅಥವಾ ಗೇಟ್‌ವೇಯಲ್ಲಿ ಟಿಸಿಪಿ ತುಂಡಿನ ಗಾತ್ರವನ್ನು ದಾರಿಗೆ ತಕ್ಕಂತೆ ಮಿತಿಗೊಳಿಸಿ. ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವುದನ್ನು ದಯವಿಟ್ಟು ನಿಲ್ಲಿಸಿ.

ಡಾಕರ್‌ನಲ್ಲಿ ತೆರೆದ ಪೋರ್ಟ್, ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯು ಮುಚ್ಚಿದರೂ ಹೊರಗೆ ಕಾಣುತ್ತಿದೆ. ಇದು ದೋಷವೇ?

ಪ್ರೋಗ್ರಾಮ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಕೆಲಸ ಮಾಡುವ ರೀತಿಯೇ ಹಾಗೆ. ಒಳಬರುವ ಪ್ಯಾಕೆಟಿನ ವಿಳಾಸವನ್ನು ಅದು ಮೊದಲೇ ಬದಲಿಸಿ ಕಂಟೇನರಿನತ್ತ ತಿರುಗಿಸುತ್ತದೆ. ಹಾಗಾಗಿ ಪ್ಯಾಕೆಟ್, ಯಂತ್ರಕ್ಕೇ ಬಂದವುಗಳ ‘ಇನ್‌ಪುಟ್’ ಸರಪಳಿಗೆ ಹೋಗದೆ, ಮುಂದೆ ಸಾಗಿಸುವವುಗಳ ‘ಫಾರ್ವರ್ಡ್’ ಹಾದಿ ಹಿಡಿಯುತ್ತದೆ. ನಿಮ್ಮ ಯುಎಫ್‌ಡಬ್ಲ್ಯು ನಿಯಮ ಕಾಯುತ್ತಿರುವುದು ಇನ್‌ಪುಟ್‌ನಲ್ಲಿ. ಪೋರ್ಟನ್ನು 127.0.0.1 ವಿಳಾಸಕ್ಕೆ ಕಟ್ಟಿ ಪ್ರಕಟಿಸಿದರೆ ಬಹುಪಾಲು ಸಮಸ್ಯೆ ಮುಗಿಯಿತು. ಇಲ್ಲವಾದರೆ ‘ಡಾಕರ್-ಯೂಸರ್’ ಸರಪಳಿಯಲ್ಲಿ ನಿಯಮ ಬರೆಯಿರಿ. ಅಲ್ಲಿಗೆ ಬರುವಷ್ಟರಲ್ಲಿ ಪೋರ್ಟ್ ಸಂಖ್ಯೆ ಕಂಟೇನರ್ ಒಳಗಿನದ್ದಾಗಿರುತ್ತದೆ.

ಮನೆಯ ಐಪಿ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟೆ. ಎರಡು ದಿನಕ್ಕೆ ನಾನೇ ಹೊರಗೆ.

ನಮ್ಮಲ್ಲಿ ಮನೆಯ ಮತ್ತು ಮೊಬೈಲ್ ಸಂಪರ್ಕಗಳ ವಿಳಾಸ ಬದಲಾಗುತ್ತಲೇ ಇರುತ್ತದೆ. ಎಷ್ಟೋ ಸಲ ನೂರಾರು ಗ್ರಾಹಕರು ಒಂದೇ ಹೊರವಿಳಾಸದ ಹಿಂದೆ ಇರುತ್ತಾರೆ. ನಿಮ್ಮ ರೂಟರಿನ ಹೊರಮುಖದಲ್ಲಿ 100.64ರಿಂದ 100.127ರವರೆಗಿನ ವಿಳಾಸ ಕಂಡರೆ ನೀವೂ ಅವರಲ್ಲೊಬ್ಬರು. ಅಂಥ ವಿಳಾಸಕ್ಕೆ ಅನುಮತಿ ಕೊಟ್ಟರೆ ಅಪರಿಚಿತರಿಗೂ ಕೊಟ್ಟಂತೆ, ಪದೇ ಪದೇ ಲಾಗಿನ್ ಸೋತ ವಿಳಾಸಗಳನ್ನು ಮುಚ್ಚುವ ಫೇಲ್‌2ಬ್ಯಾನ್ ಮೂಲಕ ತಡೆದರೆ ತಪ್ಪಿಲ್ಲದವರನ್ನೂ ತಡೆದಂತೆ. ಇಡೀ ಕಚೇರಿ ಒಮ್ಮೆಲೇ ಹೊರಬಿದ್ದರೆ ಮೊದಲು ಫೇಲ್‌2ಬ್ಯಾನ್ ಪಟ್ಟಿ ನೋಡಿ. ಯಾರದೋ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡ ಸ್ಕ್ರಿಪ್ಟ್ ಎಲ್ಲರನ್ನೂ ಮುಳುಗಿಸಿರುತ್ತದೆ. ವೈರ್‌ಗಾರ್ಡ್‌ನಂಥ ವಿಪಿಎನ್, ಅಥವಾ ನಿಗದಿತ ವಿಳಾಸದ ಒಂದು ನಡುಸರ್ವರ್ ಮೂಲಕ ಹಾರಿ ಹೋಗುವುದು ಇದಕ್ಕೆ ತಕ್ಕ ದಾರಿ. ಓಪನ್‌ಎಸ್‌ಎಸ್‌ಎಚ್ 7.3ರಿಂದ ಅದಕ್ಕೆ ಜೆ ಎಂಬ ಒಂದೇ ಆಯ್ಕೆ ಸಾಕು.

ಐಪಿವಿ6 ಬಳಸುತ್ತಿಲ್ಲ. ಅದರ ನಿಯಮ ಬೇಕೇ?

ನೀವು ಬಳಸದಿದ್ದರೂ ಸರ್ವರ್ ಬಳಸುತ್ತಿರಬಹುದು. ಐಪಿಟೇಬಲ್ಸ್ ನಿಯಮಗಳು ಐಪಿವಿ4ಕ್ಕೆ ಮಾತ್ರ. ಐಪಿವಿ6ಕ್ಕೆ ಪ್ರತ್ಯೇಕ ಕಮಾಂಡ್. ಎನ್‌ಎಫ್‌ಟೇಬಲ್ಸ್‌ನಲ್ಲಿ ‘ಐನೆಟ್’ ವರ್ಗದ ಟೇಬಲ್ ಬರೆದರೆ ಎರಡಕ್ಕೂ ಒಂದೇ.

ಲಾಗುಗಳನ್ನು ಎಷ್ಟು ದಿನ ಇಡಬೇಕು?

ಭಾರತದಲ್ಲಿ ಸೇವೆ ನಡೆಸುವ ಸಂಸ್ಥೆಗಳಿಗೆ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಉತ್ತರ ಇದೆ: 180 ದಿನ. ಅದರಲ್ಲಿ ಪಟ್ಟಿ ಮಾಡಿರುವ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಂತ್ರಗಳ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗಳಿಗೆ ಸರಿಹೊಂದಿಸಬೇಕೆಂದೂ ಅದು ಹೇಳುತ್ತದೆ. ಬಹಳಷ್ಟು ಲಿನಕ್ಸ್ ವಿತರಣೆಗಳ ಲಾಗ್‌ರೊಟೇಟ್ ಎಂಬ ಪ್ರೋಗ್ರಾಮ್ ಪೂರ್ವನಿಯೋಜಿತವಾಗಿ ನಾಲ್ಕು ವಾರಕ್ಕೇ ಹಳೆಯದನ್ನು ಅಳಿಸುತ್ತದೆ. ಆ ಸಂಖ್ಯೆಯನ್ನು ಇವತ್ತೇ ತೆರೆದು ನೋಡಿ, ಲಾಗಿನ ಒಂದು ಪ್ರತಿ ಬೇರೆ ಯಂತ್ರಕ್ಕೂ ಹೋಗುವಂತೆ ಮಾಡಿ. ಒಳನುಗ್ಗಿದವನಿಗೆ ರೂಟ್ ಸಿಕ್ಕರೆ ಅವನು ಮೊದಲು ಅಳಿಸುವುದು ಸ್ಥಳೀಯ ಪ್ರತಿಯನ್ನೇ.